ಎಮಿಲ್ ಹೌಸರ್‌ನ ಪುಟ

ನೆಬ್ರಾಸ್ಕಾದ ಆ ನದಿ ಸೀಮೆಯಲ್ಲಿ ವೆಲ್ಡಾ ಪ್ರಾಕ್ನೋಗೆ ಗೊತ್ತಿಲ್ಲದ ಗೋರಿ ಇರಲಿಲ್ಲ. ಯಾವ ಊರಿಗೆ ರೈಲು ಬಂತು, ರೈಲು ಬಾರದೆ ಯಾವ ಊರು ಅಳಿಸಿಹೋಯಿತು, ಯಾರ ಹೊಲದ ಮೂಲೆಯಲ್ಲಿ ಹಳೆಯ ಶಾಲೆಯ ತಳಪಾಯವಿದೆ, ಎಲ್ಲ ಅವಳಿಗೆ ಬಾಯಿಪಾಠ. ಹುಟ್ಟಿದ್ದು ಅಲ್ಲಲ್ಲ, ಸೊಸೆಯಾಗಿ ಬಂದವಳು. ಆದರೂ ಕೌಂಟಿಯ ಇತಿಹಾಸದ ಪುಸ್ತಕ ಆಗಬೇಕೆಂದಾಗ ಜನ ಆ ಕೆಲಸವನ್ನು ಅವಳ ಕೊರಳಿಗೇ ಕಟ್ಟಿದರು. ಆರು ವರ್ಷದಿಂದ ಅವಳ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿರಲಿಲ್ಲ.

"ಸತ್ತವರಿಗೆಲ್ಲ ಮೇಜು ಬಿಟ್ಕೊಟ್ಟಿದ್ದೀಯ, ಬದುಕಿರೋ ಗಂಡ ನಿಂತ್ಕೊಂಡು ತಿನ್ಬೇಕು," ಎಂದು ಗಂಡ ಲೈಲ್ ಗೊಣಗುತ್ತಿದ್ದ.

"ನೀನೂ ಸಾಯಿ, ನಿನಗೂ ಒಂದು ಪುಟ ಕೊಡ್ತೀನಿ," ಎನ್ನುತ್ತಿದ್ದಳು ಇವಳು.

ಅಂಥ ಪುಸ್ತಕಕ್ಕೆ ಒಂದು ಪದ್ಧತಿಯಿದೆ. ಪ್ರತಿ ಮನೆಯವರೂ ತಮ್ಮ ವಂಶದ ಕಥೆಯನ್ನು ತಾವೇ ಬರೆದು, ಒಂದು ಫೋಟೋ ಸಮೇತ ಕಳಿಸುತ್ತಾರೆ. ಕಳಿಸಿದ್ದು ಕಳಿಸಿದ ಹಾಗೇ ಅಚ್ಚಾಗಬೇಕು. ಕುದುರೆ ಕದ್ದು ಜೈಲು ಕಂಡ ಅಜ್ಜ ಮೊಮ್ಮಕ್ಕಳ ಬರಹದಲ್ಲಿ ಕುದುರೆ ವ್ಯಾಪಾರಿಯಾಗಿರುತ್ತಾನೆ. ಊರಿಗೆಲ್ಲ ಗೊತ್ತು, ಆದರೆ ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ಬಾಯಿಬಿಟ್ಟರೆ ಮುಂದಿನ ಸರದಿ ತಮ್ಮ ಅಜ್ಜನದೇ ಅಲ್ಲವೇ!

೧೯೮೭ರ ಮಾರ್ಚ್‌ನಲ್ಲಿ, ಗಡುವಿನ ಕೊನೆಯ ದಿನ, ನದಿಯಾಚೆಯ ಐಲೀನ್ ವಾಂಡ್ರಾ ಎಂಬ ಹೆಂಗಸಿನ ಲಕೋಟೆ ಬಂತು. ಅವಳ ತಂದೆ ಎಮಿಲ್ ಹೌಸರ್ ಮೂವತ್ತೈದರ ಪ್ರವಾಹದಲ್ಲಿ ನೆರೆಯವರ ಹಸುಗಳನ್ನು ಬಿಚ್ಚಿಬಿಡಲು ಹೋಗಿ ಕೊಚ್ಚಿಹೋದನಂತೆ. ಒಂಬತ್ತು ದಿನ ಹುಡುಕಿದರೂ ಹೆಣ ಸಿಗಲಿಲ್ಲವಂತೆ. ಆಗ ಐಲೀನ್‌ಗೆ ಆರು ವರ್ಷ. ಓದಿ ಮುಗಿಸಿ ವೆಲ್ಡಾ ಫೋಟೋ ಎತ್ತಿಕೊಂಡಳು.

ಫೋಟೋದಲ್ಲಿದ್ದವನು ವೆಲ್ಡಾಳ ಸ್ವಂತ ಅಪ್ಪ.

ಅವಳಪ್ಪನ ಹೆಸರು ರೇ ಟಾಲ್ಬಟ್. ಉತ್ತರದ ಮರಳುಗುಡ್ಡಗಳಲ್ಲಿ ದನ ಸಾಕಿಕೊಂಡಿದ್ದು, ಹದಿನಾಲ್ಕು ವರ್ಷದ ಹಿಂದೆ ಅವಳ ಕೈಯಿಂದಲೇ ಕೊನೆಯ ಗುಟುಕು ನೀರು ಕುಡಿದು ಸತ್ತವನು. ಅದೇ ಗದ್ದ, ಅದೇ ವಾರೆ ನಗು. ಎಡಗೈಯಲ್ಲಿ ಇಲ್ಲದ ಅದೇ ತೋರುಬೆರಳು.

"ಲೈಲ್! ಬೇಗ ಬಾ ಇಲ್ಲಿ!"

ಲೈಲ್ ಬಂದು ನೋಡಿದ. "ಅಯ್ಯೋ ದೇವ್ರೇ, ನಿಮ್ಮಪ್ಪ ಕಣೇ ಇದು!"

ಮದುವೆಯಾದ ಮೇಲೆ ಹದಿಮೂರು ವರ್ಷ ಅವಳು ಅಪ್ಪನನ್ನು ಮನೆಗೆ ಕರೆದಿದ್ದಳು. ಒಂದು ಸಲ ಹಸು ಈಯುತ್ತಿದೆ ಅಂದ, ಇನ್ನೊಂದು ಸಲ ಗಾಡಿ ಕೆಟ್ಟಿದೆ ಅಂದ. ಒಂದು ದಿನವೂ ಈ ಕಡೆ ಕಾಲಿಡಲಿಲ್ಲ.

"ನನ್ನನ್ನ ಕಂಡ್ರೆ ಆಗಲ್ಲ ಅಂತ ಬೈಕೊಂಡೆ ಆ ಮುದುಕನ್ನ," ಎಂದ ಲೈಲ್. ಆಮೇಲೆ ತಡೆದು, "ಈಗೇನ್ ಮಾಡ್ತೀಯ? ಕಳಿಸಿದ ಹಾಗೇ ಅಚ್ಚು ಹಾಕ್ಬಿಡು. ಕುದುರೆ ಕಳ್ಳನನ್ನ ವ್ಯಾಪಾರಿ ಅಂತ ಹಾಕಲಿಲ್ವಾ?"

"ಆ ಮನೆಯವರಿಗೆ ನಿಜ ಗೊತ್ತಿತ್ತು. ಪಾಪ, ಇವಳಿಗೆ ಗೊತ್ತಿಲ್ಲ," ಎಂದಳು ವೆಲ್ಡಾ. ಎರಡು ದಿನ ಅವಳ ಗಂಟಲಲ್ಲಿ ಅನ್ನ... ಅಲ್ಲ, ಅವರ ಸೀಮೆಯ ಬ್ರೆಡ್ಡೂ ಇಳಿಯಲಿಲ್ಲ ಅನ್ನಿ. ಹೇಳಿದರೆ ಒಂದು ಹೆಂಗಸು ಐವತ್ತೆರಡು ವರ್ಷ ನೆನೆದುಕೊಂಡು ಬಂದ ಅಪ್ಪನನ್ನು ಕಿತ್ತುಕೊಂಡಂತೆ, ಹೇಳದಿದ್ದರೆ ಆ ಸುಳ್ಳನ್ನು ತಾನೇ ಅಚ್ಚು ಹಾಕಿದಂತೆ. ಮೂರನೆಯ ದಿನ ಅಪ್ಪನ ಕೊನೆಗಾಲದ ಒಂದು ಫೋಟೋ ಕೈಚೀಲಕ್ಕೆ ಹಾಕಿಕೊಂಡು ನದಿ ದಾಟಿದಳು.

ಐಲೀನ್ ಕಾಫಿ ಕೊಟ್ಟಳು, ಚೆರ್ರಿ ಕಡುಬಿನ ತುಂಡು ಇಟ್ಟಳು. "ನನ್ನ ಬರಹದಲ್ಲಿ ಏನಾದ್ರೂ ತಪ್ಪಿದ್ಯಾ? ನೀವೇ ಬಂದುಬಿಟ್ರಿ!"

ವೆಲ್ಡಾ ಕೈಚೀಲ ತೆರೆದಳು. ಫೋಟೋವನ್ನು ಮೇಜಿನ ಮೇಲಿಟ್ಟಳು.

ಐಲೀನ್ ಕನ್ನಡಕ ಹಾಕಿಕೊಂಡು ಬಗ್ಗಿದಳು. "ಇದು ನಮ್ಮಪ್ಪ," ಎಂದಳು. "ಆದ್ರೆ ಇಷ್ಟು ವಯಸ್ಸಾಗಿದೆ ಯಾಕೆ?"

ವೆಲ್ಡಾ ಹೇಳಿದಳು. ಬೇರೆ ಹೆಸರು, ಬೇರೆ ಹೆಂಡತಿ, ತಾನು, ಎಲ್ಲವನ್ನೂ ಹೇಳಿದಳು. ಐಲೀನ್ ಕಡುಬಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನಮ್ಮಮ್ಮ ಸಾಯೋವರೆಗೂ ಮಳೆ ಜೋರಾದ್ರೆ ಹೊಳೆ ದಂಡೆಗೆ ಹೋಗಿ ನಿಲ್ತಿದ್ಲು," ಎಂದಳು. "ಪ್ರವಾಹದ ಮೇಲೆ ಎಷ್ಟು ವರ್ಷ ಬದುಕಿದ್ದ?"

"ಮೂವತ್ತೆಂಟು."

"ನಿಮ್ಮನ್ನ ಚೆನ್ನಾಗಿ ನೋಡ್ಕೊಂಡ್ನಾ?"

ಈ ಪ್ರಶ್ನೆ ಬರುತ್ತದೆಂದು ವೆಲ್ಡಾ ಎಣಿಸಿಯೇ ಇರಲಿಲ್ಲ. ಇಲ್ಲ, ಕುಡುಕ, ಹೊಡೀತಿದ್ದ ಅಂದುಬಿಡಲೇ ಅನಿಸಿತು. ಆದರೆ ಹಿಮದಲ್ಲಿ ತನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟ ಮನುಷ್ಯ ಕಣ್ಣ ಮುಂದೆ ಬಂದುಬಿಟ್ಟ.

"ಹ್ಞೂಂ," ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು. "ತುಂಬಾ ಒಳ್ಳೆ ಅಪ್ಪ."

ಐಲೀನ್ ಕನ್ನಡಕ ತೆಗೆದಳು.

"ಹಾಗಾದ್ರೆ ಅಪ್ಪ ಆಗಿರೋದು ಅವನಿಗೆ ಬರ್ತಿತ್ತು," ಎಂದಳು.