ಸರ್ ಇಳಿಸಿದ ವೇಗ

ಇವತ್ತು ಬೆಳಿಗ್ಗೆ ತಾಳಿಕೋಟೆಯಲ್ಲಿ ನಾನು ಪಾಠ ಮಾಡುವ ಕಾಲೇಜಿನ ಲ್ಯಾಬ್ ಬಾಗಿಲು ತೆಗೆದಾಗ ಕಾದ ಬ್ಯಾಟರಿಯ ಹುಳಿ ವಾಸನೆ ಮೂಗಿಗೆ ಬಡಿಯಿತು. ಇನ್ವರ್ಟರ್ ಮತ್ತೆ ಕೆಟ್ಟಿತು ಎಂದು ಬಯ್ದುಕೊಂಡೆ. ಆಮೇಲೆ ಯಾಕೋ ಅಲ್ಲೇ ಕುರ್ಚಿ ಎಳೆದು ಕುಳಿತೆ. ಮುದ್ದೇಬಿಹಾಳದಲ್ಲಿ ನಾನು ಕಲಿತ ಆ ಕಂಪ್ಯೂಟರ್ ಕ್ಲಾಸು, ಇದೇ ವಾಸನೆ, ನಮ್ಮ ಸರ್...

ಸರ್ ಒಳ್ಳೆಯವರು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ಅದು ಕಾಣಿಸಲಿಕ್ಕಿಲ್ಲ. ಅವರಷ್ಟು ನನ್ನ ತಲೆ ತಿಂದವರು ಇನ್ನೊಬ್ಬರಿಲ್ಲ.

ನಾವು ಸುತ್ತಲಿನ ಹಳ್ಳಿಗಳಿಂದ ಬರುತ್ತಿದ್ದ ಹುಡುಗಿಯರು. ಮಧ್ಯಾಹ್ನ ಬಂದು ಸಂಜೆ ಬಸ್ಸಿಗೆ ಹೊರಡಬೇಕು. ಕರೆಂಟ್ ಹೋಗುವುದೂ ಸರಿಯಾಗಿ ಮಧ್ಯಾಹ್ನವೇ. ಇನ್ವರ್ಟರ್ ಒಂದಿಷ್ಟು ಹೊತ್ತು ತಡೆದು, ಕುಂಯ್ ಎಂದು ಕೂಗಿ ಕೈಚೆಲ್ಲುತ್ತಿತ್ತು. ಪ್ರೊಸೆಸರಿನ ವೇಗ ಇಳಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆ ಎಂದು ಸರ್ ಎಲ್ಲೋ ಓದಿಕೊಂಡು ಬಂದರು. ನಮ್ಮ ಯಂತ್ರ ನಡೆಯುತ್ತಿದ್ದುದು ಲಿನಕ್ಸ್ ಮೇಲೆ, ಅದರ ಕರ್ನಲ್‌ನಲ್ಲೇ ಇದಕ್ಕೆ ಏರ್ಪಾಡಿತ್ತು. ಕರ್ನಲ್ ಎಂದರೆ ಇಡೀ ಯಂತ್ರವನ್ನು ಆಳುವ ಮೂಲ ಪ್ರೋಗ್ರಾಂ. ಬೇಕಾದ್ದನ್ನು ಆರಿಸಿಕೊಟ್ಟರೆ ಯಂತ್ರವೇ ಗಂಟೆಗಟ್ಟಲೆ ದುಡಿದು ಅದನ್ನು ಹೊಸದಾಗಿ ಕಟ್ಟಿಕೊಡುತ್ತದೆ. ವೇಗವನ್ನು ಯಾವಾಗಲೂ ತಗ್ಗಿಸಿಡುವ ಕ್ರಮ ಒಂದು, ಕೆಲಸ ಬಿದ್ದಾಗ ಏರಿಸಿ ಸುಮ್ಮನಿದ್ದಾಗ ಇಳಿಸುವ ಕ್ರಮ ಇನ್ನೊಂದು. ಬುದ್ಧಿ ನೆಟ್ಟಗಿದ್ದವರು ಎರಡನೆಯದನ್ನು ಆರಿಸುತ್ತಾರೆ.

"ಕೇಳಿದಾಗೆಲ್ಲಾ ಕೊಟ್ರ ಅದು ಕೇಳಕೋಂತನ ಇರ್ತೈತಿ," ಅಂದರು ಸರ್. ಮೊದಲನೆಯದನ್ನಷ್ಟೇ ಇಟ್ಟು ಉಳಿದದ್ದನ್ನೆಲ್ಲ ತೆಗೆದು ಕಟ್ಟಿದರು. ಹಳೆಯ ಕರ್ನಲನ್ನೂ ಅಳಿಸಿದರು. ಅದು ಇದ್ದರೆ ಮನಸ್ಸು ಹಳೆಯದರ ಕಡೆಗೇ ಎಳೆಯುತ್ತದಂತೆ.

ಬ್ಯಾಟರಿಯೇನೋ ಸಂಜೆಯತನಕ ಬಂತು. ಆದರೆ ನಮ್ಮ ಪ್ರೋಗ್ರಾಂ ಕೂಡ ಸಂಜೆಯತನಕ ತೆವಳುತ್ತಲೇ ಇತ್ತು. ಪರೀಕ್ಷೆಗೆ ಹೊರಗಿನವರು ಬಂದು ಇದೇ ಯಂತ್ರದಲ್ಲಿ ನನ್ನ ಪ್ರಾಜೆಕ್ಟ್ ನೋಡುವವರಿದ್ದರು. ಓಡದಿದ್ದರೆ ಫೇಲು. ಫೇಲಾದರೆ ಮರುವರ್ಷ ನನ್ನನ್ನು ಬಸ್ ಹತ್ತಿಸುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಅತ್ತೂ ಕರೆದೂ ಕೊನೆಗೆ ಸರ್ ಅವರನ್ನು ಒಪ್ಪಿಸಿದೆವು. ಆದರೆ ವೇಗ ಏರಿಸಲು ಕರ್ನಲ್ ಮತ್ತೆ ಕಟ್ಟಬೇಕು, ಕಟ್ಟುವುದು ಅದೇ ಕುಂಟುವ ಯಂತ್ರದ ಮೇಲೆ. ಮುಗಿಯುವ ಮೊದಲೇ ಕರೆಂಟೂ ಹೋಗಿ ಬ್ಯಾಟರಿಯೂ ಸಾಯುತ್ತಿತ್ತು. ರಾತ್ರಿ ಬಿಟ್ಟು ಹೋಗೋಣವೆಂದರೆ ಕಟ್ಟಡದ ಮಾಲೀಕರು ಮೇನ್ ಸ್ವಿಚ್ಚನ್ನೇ ಆರಿಸುತ್ತಿದ್ದರು. ಬಿಟ್ಟಲ್ಲಿಂದ ಮುಂದುವರಿಸಿದ್ದರೆ ಮುಗಿದೇ ಹೋಗುತ್ತಿತ್ತು. ಸರ್ ಮಾತ್ರ, ನಡುವೆ ವಿಘ್ನವಾದ ಪೂಜೆಯನ್ನು ಮೊದಲಿನಿಂದ ಮಾಡುವ ಹಾಗೆ, ಆದಷ್ಟನ್ನೂ ಅಳಿಸಿ ಮತ್ತೆ ಶುರು ಮಾಡುತ್ತಿದ್ದರು. ಮರುದಿನವೂ ಹಾಗೇ, ಅದರ ಮರುದಿನವೂ... ನಾನು ಹಲ್ಲು ಕಚ್ಚಿಕೊಂಡು ನೋಡುತ್ತಿದ್ದೆ.

ಪರೀಕ್ಷೆಯ ಹಿಂದಿನ ದಿನ ಹೋದ ಕರೆಂಟ್ ಮರಳಿದಾಗ, ಸರ್ ಕೈ ಹಾಕುವ ಮೊದಲೇ ಕೀಬೋರ್ಡನ್ನು ನನ್ನ ಕಡೆ ಎಳೆದುಕೊಂಡೆ.

"ಅಳಿಸಬ್ಯಾಡ್ರಿ ಸರ್."

"ಅರ್ಧಕ್ಕ ನಿಂತದ್ದು ಕೆಟ್ಟಿರ್ತೈತಿ ತಂಗಿ."

"ಕೆಟ್ಟದ್ದಷ್ಟ ಮತ್ತ ಕಟ್ಟೂಣ್ರಿ. ಕೀಬೋರ್ಡ್ ನಾ ಕೊಡಂಗಿಲ್ಲ."

ಸರ್ ನನ್ನನ್ನೇ ನೋಡಿದರು. "ನಿನ್ನ ಇಚ್ಛಾ," ಎಂದು ಹೊರಗೆ ಹೋಗಿ ರಸ್ತೆಗೆ ಮುಖ ಮಾಡಿ ನಿಂತರು. ಬಿಟ್ಟಲ್ಲಿಂದ ಹೊರಟ ಕೆಲಸ ನನ್ನ ಬಸ್ಸಿನ ಹೊತ್ತಿಗೆ ಮುಗಿಯಿತು. ಯಂತ್ರ ಮರಳಿ ಎದ್ದಾಗ ಪ್ರಾಜೆಕ್ಟ್ ಸರಸರ ಓಡಿತು. ಸರ್ ಒಳಗೆ ಬಂದು ನೋಡಿ "ಹೂಂ" ಅಂದರು. ಪಾಸಾಗಿ ಪೇಡೆ ಕೊಡಲು ಹೋದಾಗಲೂ ಅಷ್ಟೇ, ಒಂದು ಹೂಂ.

ಹೋದ ತಿಂಗಳು ಸರ್ ತೀರಿಕೊಂಡರು. ಮಾತಾಡಿಸಿಕೊಂಡು ಬರಲು ಹೋದಾಗ ಅವರ ಹೆಂಡತಿ ನನ್ನ ಮುಖ ದಿಟ್ಟಿಸಿ, "ಕೀಬೋರ್ಡ್ ಕಸಗೊಂಡಾಕಿ ನೀನ ಅಲ್ಲೇನವಾ?" ಎಂದು ಕೇಳಿದರು. ಹೌದ್ರಿ ಅಂದೆ.

"ಹೊಸಾ ಹುಡುಗ್ಯಾರು ಬಂದಾಗೆಲ್ಲಾ ನಿಂದ ಹೇಳ್ತಿದ್ರು. ನನ್ನ ಮಾತ ಕೇಳಲಿಲ್ಲ, ಅದಕ್ಕ ಪಾಸಾದ್ಲು, ಅಂತ."

ಅಳು ಬರುವ ಮೊದಲು ನನಗೆ ಸಿಟ್ಟು ಬಂತು. ಈಗಲೂ ಇಳಿದಿಲ್ಲ. ಲ್ಯಾಬಿಗೆ ಮಕ್ಕಳು ಬರತೊಡಗಿದ್ದಾರೆ. ಅವರ ಯಂತ್ರಗಳು ತಾವೇ ವೇಗ ಏರಿಸಿಕೊಂಡು ತಾವೇ ಇಳಿಸಿಕೊಳ್ಳುತ್ತವೆ, ಯಾರೂ ಯಾರೊಂದಿಗೂ ಹೊಡೆದಾಡಬೇಕಿಲ್ಲ. ಕಂಡ ಹುಡುಗಿಯರಿಗೆಲ್ಲ ಹೇಳಿದ್ದನ್ನು ನನಗೊಂದು ಸಲ ಹೇಳಿದ್ದರೆ ಸರ್ ಗಂಟೇನು ಹೋಗುತ್ತಿತ್ತು? ಹೋಗಿ ಜಗಳ ಮಾಡೋಣವೆಂದರೆ ಆ ಮನುಷ್ಯನೇ ಇಲ್ಲ.