ತರಬೇತಿಗೆ ಬಂದ ಹುಡುಗಿ

ಬೇರೆಯವರ ಒಡವೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು, ಬೇರೆಯವರ ಮಗಳನ್ನು ಇಟ್ಟುಕೊಳ್ಳುವುದು ಕಷ್ಟ. ಒಡವೆಯಾದರೆ ಪೆಟ್ಟಿಗೆಗೆ ಹಾಕಿ ಬೀಗ ಜಡಿದು ಮಲಗಿಬಿಡಬಹುದು. ಮಗಳು ಹಾಗಲ್ಲ. ಅರಸೀಕೆರೆಯ ಗಡಸು ನೀರಿಗೆ ಅವಳ ಕೂದಲು ಉದುರಿದರೆ ಅದಕ್ಕೂ ನಾನೇ ಹೊಣೆ ಅನ್ನಿಸುತ್ತದೆ. ಅವಳು ಸುಮ್ಮನೆ ಕೂತಿದ್ದರೆ ಅದು ಮನೆಯ ನೆನಪಿನಿಂದಲೋ ನನ್ನ ಸಾರಿನ ರುಚಿಯಿಂದಲೋ ತಿಳಿಯುವುದಿಲ್ಲ.

ಅರವತ್ತರ ದಶಕದಲ್ಲಿ ನಾನು ನಮ್ಮೂರಿನ ಮಹಿಳಾ ಸಮಾಜದ ಕಾರ್ಯದರ್ಶಿಯಾಗಿದ್ದೆ. ಯೋಗ್ಯತೆಯಿಂದ ಆದದ್ದೇನಲ್ಲ. ಸಭೆಯಲ್ಲಿ "ಯಾರಾಗ್ತೀರಿ?" ಎಂದು ಕೇಳಿದಾಗ ಎಲ್ಲರೂ ತಲೆ ತಗ್ಗಿಸಿದರು, ನಾನು ಆಗತಾನೇ ಸೀನಿ ತಲೆ ಎತ್ತಿದ್ದೆ. ಕೊಬ್ಬರಿ ಮಂಡಿಯ ಹಿಂದಿನ ಒಂದು ಹಜಾರವೇ ನಮ್ಮ ಸಮಾಜ. ಬೆಳಿಗ್ಗೆ ಶಿಶುವಿಹಾರ, ಮಧ್ಯಾಹ್ನ ಹೊಲಿಗೆ, ಹೊಲಿಗೆಯ ನಡುನಡುವೆ ಊರಿನ ಸಮಾಚಾರ. ಇಂಥ ನಮ್ಮಲ್ಲಿಗೆ ಮೈಸೂರಿನ ಒಂದು ಕಾಲೇಜಿನವರು ಸಮಾಜಸೇವೆ ಕಲಿಯಲು ವಿದ್ಯಾರ್ಥಿನಿಯೊಬ್ಬಳನ್ನು ಕಳಿಸುತ್ತೇವೆ ಎಂದಾಗ ನಮಗೆ ಹೆಮ್ಮೆಗಿಂತ ಗಾಬರಿಯೇ ಹೆಚ್ಚಾಯಿತು. ಹೊಸ ಚಾಪೆ ತರಿಸಿದೆವು. ಇಳಿದುಕೊಳ್ಳಲು ನಮ್ಮ ಮನೆಯೇ ಆಗಲಿ ಎಂದೆ. ಹೈಸ್ಕೂಲು ಮೇಷ್ಟರಾದ ನನ್ನ ಯಜಮಾನರು ಎಂದಿನಂತೆ ತಲೆಯಾಡಿಸಿದರು.

ಹುಡುಗಿಯ ಹೆಸರು ನಾಗರತ್ನ. ಬೇಲೂರಿನ ದೇವಸ್ಥಾನದ ಬೀದಿಯವಳು, ತಾಲ್ಲೂಕು ಕಚೇರಿಯ ಗುಮಾಸ್ತರ ಮಗಳು. ಅವಳನ್ನು ಬಿಟ್ಟು ಹೋಗಲು ತಾಯಿಯೇ ಬಸ್ಸಿನಲ್ಲಿ ಬಂದರು. ಆಕೆ ತುಂಬು ಬಸುರಿ. ಕಾಲೇಜಿಗೆ ಹೋಗುವ ಮಗಳನ್ನು ಪಕ್ಕದಲ್ಲಿಟ್ಟುಕೊಂಡು, ಸೆರಗನ್ನು ಹೊಟ್ಟೆಯ ಮೇಲೆ ಎಳೆದೆಳೆದು ಹೊದ್ದುಕೊಳ್ಳುತ್ತಲೇ ನಗುತ್ತಿದ್ದರು.

"ತಲೆ ಬಾಚಿಕೊಳ್ಳೋಕೂ ಇವಳಿಗೆ ನಾನೇ ಬೇಕು ಕಣ್ರೀ. ಇವಳು ಸಮಾಜಸೇವೆ ಮಾಡ್ತಾಳಂತೆ! ನಿಮ್ಮ ಸಮಾಜ ನಗದೇ ಇದ್ರೆ ಸಾಕು."

ನಾಗರತ್ನ ನಗಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಬರುವಾಗಲೂ ತಾಯಿಗಿಂತ ಸ್ವಲ್ಪ ಮುಂದೆಯೇ ನಡೆದು ಬಂದಿದ್ದಳು. ಹೊರಡುವಾಗ ಆ ತಾಯಿ, "ನನ್ನ ಹೆರಿಗೆ ಅಂತ ಎದ್ದು ಓಡಿ ಬರಬೇಡ, ನನಗೇನು ಇದು ಹೊಸದಲ್ಲ. ಕೆಲಸ ಕಲ್ತ್ಕೊಂಡು ಬಾ," ಎಂದರು. ಮಗಳು ನೆಲ ನೋಡುತ್ತಾ ಹೂಂ ಅಂದಳು.

ಅವಳ ಸಂಕೋಚ ನನಗೆ ಅರ್ಥವಾದದ್ದು ಹೂವು ಕಟ್ಟುತ್ತಾ ಕೂತಿದ್ದ ಒಂದು ಸಂಜೆ. "ಬೇಲೂರಲ್ಲೇ ತರಬೇತಿ ಮಾಡ್ಬಹುದಿತ್ತು. ನಾನೇ ಬೇಡ ಅಂದೆ. ಈ ವಯಸ್ಸಲ್ಲಿ ಅಮ್ಮ ಹೀಗೆ... ಬೀದೀಲಿ ಎಲ್ಲಾ ನನ್ನೇ ನೋಡಿ ನಗ್ತಾರೆ," ಎಂದಳು. ಹದಿಹರೆಯದವರ ನಾಚಿಕೆಗೆ ಉತ್ತರ ಹೇಳಬಾರದು, ಅದು ತಾನಾಗಿ ಹೋಗುತ್ತದೆ ಎಂದು ನಾನು ಹೂವು ಕಟ್ಟುತ್ತಲೇ ಇದ್ದೆ. ಹೋಗಲು ಅದಕ್ಕೆ ಸಮಯವಾದರೂ ಸಿಕ್ಕಬೇಕಿತ್ತು.

ಸೇವೆ ಎಂಬ ಮಾತೇ ವಿಚಿತ್ರ. ದೇವಸ್ಥಾನದಲ್ಲಿ ಸೇವೆಯೆಂದರೆ ಏನೂ ಬೇಡದ ದೇವರಿಗೆ ಎಲ್ಲವನ್ನೂ ಒಪ್ಪಿಸುವುದು. ನಮ್ಮ ಸಮಾಜದಲ್ಲಿ ಸೇವೆಯೆಂದರೆ ಬೇಕುಗಳ ರಾಶಿಯ ಮುಂದೆ ಒಂದು ಬಣ್ಣದ ಪಟ ನೇತುಹಾಕುವುದು. ನಾಗರತ್ನ ಕಾಲೇಜಿನಿಂದ ತಂದಿದ್ದ ಪಟದಲ್ಲಿ ದುಂಡನೆಯ ಮಗುವೊಂದು ನಗುತ್ತಿತ್ತು. ಅದನ್ನು ತೋರಿಸಿ ಅವಳು ಬಾಣಂತಿಯ ಆರೈಕೆ, ಮಗುವಿನ ಆಹಾರ ಎಂದು ಒಪ್ಪಿಸುತ್ತಿದ್ದರೆ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಕೊಬ್ಬರಿ ವ್ಯಾಪಾರದ ಮನೆಯ ಗೌರಮ್ಮನವರಂತೂ ಮುಚ್ಚಿಕೊಳ್ಳುವ ತೊಂದರೆಗೂ ಹೋಗಲಿಲ್ಲ. ತೊಡೆಯ ಮೇಲೆ ತಮ್ಮ ನಾಲ್ಕನೆಯ ಕೂಸಿಗೆ ಹಾಲೂಡಿಸುತ್ತಲೇ, "ಲೇ ನಾಗೂ, ನಿಂಗೆ ಮದ್ವೆ ಆಗೈತೇನೇ?" ಎಂದು ಕೇಳಿ ಇಡೀ ಹಜಾರವನ್ನು ನಗಿಸಿದರು. ನಾಗರತ್ನ ಕೆಂಪಾದಳು. ಆಮೇಲೆ, ನಮ್ಮಲ್ಲಿಗೆ ಬಂದ ಮೇಲೆ ಮೊದಲ ಸಲ, ತಾನೂ ನಕ್ಕಳು. ಅಂದಿನಿಂದ ಅವಳು ಎಲ್ಲರ ನಾಗುವಾದಳು.

ಒಂದು ಬೆಳಿಗ್ಗೆ ಶಿಶುವಿಹಾರದ ಮಕ್ಕಳಿಗೆ ಅವಳು ಅಭಿನಯದ ಹಾಡು ಹೇಳಿಸುತ್ತಿದ್ದಳು. ಮಕ್ಕಳೆಲ್ಲ ಕೈಯನ್ನು ರೆಕ್ಕೆ ಮಾಡಿಕೊಂಡಿದ್ದವು, ಅವಳೂ ಮಾಡಿಕೊಂಡಿದ್ದಳು. ಬಾಗಿಲಲ್ಲಿ ಅವಳ ಸೋದರಮಾವ ಬಂದು ನಿಂತರು. ಬೇಲೂರಿನಿಂದ ಮೊದಲ ಬಸ್ಸಿಗೆ ಬಂದಿದ್ದರು. ನಾನು ಎದ್ದು ಅವರ ಬಳಿ ಹೋಗುವಷ್ಟರಲ್ಲಿ ಅವಳು ನೋಡಿಬಿಟ್ಟಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಸುಳ್ಳನ್ನು ಆತ ಹೇಳಿದರು: "ಅಮ್ಮಂಗೆ ಸ್ವಲ್ಪ ಹುಷಾರಿಲ್ಲಮ್ಮ, ಹೊರಡು."

ಅವಳ ಕೈಗಳು ನಿಧಾನವಾಗಿ ಕೆಳಗಿಳಿದವು. "ಯಾರು ಮಾಮ? ಅಮ್ಮನಾ, ಮಗುನಾ?"

ಆತ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಅತ್ತುಬಿಟ್ಟರು. ಏನೂ ತಿಳಿಯದ ಮಕ್ಕಳು ಇನ್ನೂ ರೆಕ್ಕೆ ಬಡಿಯುತ್ತಲೇ ಇದ್ದವು.

ಅವಳ ಜೊತೆ ನಾನೂ ಬೇಲೂರಿಗೆ ಹೋದೆ. ಬಸ್ಸಿನಲ್ಲಿ ಅವಳು ಅಂದಳು: "ನಾನು ಬೇಲೂರಲ್ಲೇ ಇರಬೇಕಿತ್ತು."

"ಇದ್ದು ಏನ್ ಮಾಡ್ತಿದ್ದೆ ನಾಗು? ಬರಬೇಡ ಅಂದೋರು ಅವರೇ ಅಲ್ವಾ?"

"ಅಮ್ಮನ ಕಾಲು ಒತ್ತುತ್ತಿದ್ದೆ."

ಹಳೇಬೀಡು ಬಂತು. ಶಿಲ್ಪ ನೋಡಲು ಬಂದಿದ್ದ ಒಂದು ಗುಂಪು ಗಲಗಲ ಎಂದು ಬಸ್ಸು ಹತ್ತಿ, ಅವಳ ಮುಖ ನೋಡಿ ತಾನಾಗಿ ತಣ್ಣಗಾಯಿತು. ನಾನು ಅವಳ ಕೈ ಹಿಡಿದುಕೊಂಡು ಕೂತೆ.

ತಾಯಿ ಹೋದರು, ಗಂಡುಮಗು ಉಳಿಯಿತು. ಉಳಿಯಿತು ಅನ್ನುವುದೂ ಹೆಚ್ಚಾದೀತು. ಹಸುವಿನ ಹಾಲು ಅದಕ್ಕೆ ಒಗ್ಗಲಿಲ್ಲ, ಕುಡಿಸಿದ್ದನ್ನೆಲ್ಲ ಕಕ್ಕುತ್ತಿತ್ತು. ಎದೆಹಾಲು ಸಿಕ್ಕಿದರೆ ನೋಡಿ ಎಂದು ಡಾಕ್ಟರು ಹೇಳಿದರಂತೆ. ಬೀದಿಯಲ್ಲಿ ಹಾಲಿದ್ದ ಒಬ್ಬಿಬ್ಬರು ಸತ್ತವಳ ಮಗು ಎಂದು ಹಿಂಜರಿದರಂತೆ. ಕರ್ಮಗಳೆಲ್ಲ ಮುಗಿದ ಕೆಲವೇ ದಿನಕ್ಕೆ ನಾಗು ನಮ್ಮ ಬಾಗಿಲಲ್ಲಿ ನಿಂತಿದ್ದಳು. ತೋಳಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಮಗು. ಹಿಂದೆ ಅವಳ ತಂದೆ. ಮನೆಯಲ್ಲಿದ್ದ ಮಡಿಯ ಅಜ್ಜಿ ಬೇಡವೆಂದು ಕೂಗಾಡಿದ್ದರಂತೆ. ತಂದೆ ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ, ಸುಮ್ಮನೆ ಬಸ್ಸು ಹತ್ತಿದ್ದರು.

"ಗೌರಮ್ಮನೋರನ್ನ ಕರೀತೀರಾ?" ಎಂದಳು ನಾಗು.

ಕರೆಯಲು ನಾನೇ ಹೋದೆ. ಗೌರಮ್ಮ ಪೂರ್ತಿ ಕೇಳಿಸಿಕೊಳ್ಳದೆ ಚಪ್ಪಲಿ ಮೆಟ್ಟಿದರು. ನಮ್ಮ ನಡುಮನೆಗೆ ಬಂದು, ಗೋಡೆಗೆ ಒರಗಿ ಕೂತು, "ತತ್ತಾ ಇಲ್ಲಿ," ಎಂದು ಕೈ ಚಾಚಿದರು. ಆಮೇಲೆ ಏನೋ ನೆನಪಾದಂತೆ ಜಗಲಿಯ ಕಡೆ ತಿರುಗಿ ದನಿ ಏರಿಸಿದರು: "ರಾಯರೇ, ನಾವು ಲಿಂಗ ಕಟ್ಟೋರು. ಆಮ್ಯಾಕೆ ಮಾತು ಬರಬಾರ್ದು. ಕೊಡ್ಲಾ, ಬ್ಯಾಡ್ವಾ?"

ತಂದೆ ಬೀದಿಗೆ ಮುಖ ಮಾಡಿ ಕೂತಿದ್ದರು. ತಿರುಗಲಿಲ್ಲ. ಅಲ್ಲಿಂದಲೇ, "ಮಗು ಅಳ್ತಾ ಇದೆಯಲ್ಲ ತಾಯಿ," ಎಂದರು.

ಮೊದಮೊದಲು ಮಗುವಿಗೆ ಕುಡಿಯಲೂ ಶಕ್ತಿಯಿರಲಿಲ್ಲ. ಗೌರಮ್ಮ ಬೈದರು, ಮುದ್ದು ಮಾಡಿದರು, ಹನಿಹನಿಯಾಗಿ ಬಾಯಿಗೆ ಹಿಂಡಿದರು. ಕೊನೆಗೆ ಅವರ ಕೊರಳ ಶಿವದಾರವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಅದು ಕುಡಿಯತೊಡಗಿತು. ನಾಗು ಪಕ್ಕದಲ್ಲಿ ಕೂತು ನೋಡಿದಳು. ತಾಯಿ ಸತ್ತ ದಿನವೂ ಹನಿಗೂಡದ ಅವಳ ಕಣ್ಣು ಆಗ ತುಂಬಿ ಬಂತು, ಅತ್ತಳು. ಗೌರಮ್ಮ ಮಗುವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಅವಳ ತಲೆಯನ್ನು ತಮ್ಮ ಭುಜಕ್ಕೆ ಎಳೆದುಕೊಂಡರು.

ಮಗು ಮೈ ತುಂಬಿಕೊಳ್ಳುವವರೆಗೆ ಅಕ್ಕ ತಮ್ಮ ಇಬ್ಬರೂ ನಮ್ಮಲ್ಲೇ ಇದ್ದರು. ಸಮಾಜದ ಹೆಂಗಸರು ಸರದಿಯಂತೆ ಬಂದು ನಾಗುವಿಗೆ ಎಣ್ಣೆ ಹಚ್ಚುವುದು, ನೀರು ಹಾಕುವುದು, ದೃಷ್ಟಿ ತೆಗೆಯುವುದು ಕಲಿಸಿದರು. ಅವಳಿಗೆ ತಲೆ ಬಾಚಿದವರೂ ಇದ್ದರು. ಇಷ್ಟು ಚೆನ್ನಾಗಿ ಯಾವ ವಿದ್ಯಾರ್ಥಿನಿಗೂ ನಾವು ತರಬೇತಿ ಕೊಟ್ಟದ್ದಿಲ್ಲ. ಕೊಡುವ ಸಂದರ್ಭ ಬಾರದಿರಲಿ.

ಕರೆದೊಯ್ಯಲು ಬಂದ ತಂದೆಗೆ ನಾನು ಹೇಳಿ ನೋಡಿದೆ. "ಪರೀಕ್ಷೆ ಮುಗಿಯೋವರೆಗೆ ಮಗು ನಮ್ಮಲ್ಲಿರಲಿ. ಇವಳು ಕಾಲೇಜಿಗೆ ಹೋಗಲಿ."

ಅವರು ಕೈ ಮುಗಿದರು. "ನೀವು ಮಾಡಿದ್ದನ್ನ ತೀರಿಸೋಕೆ ಆಗಲ್ಲ ತಾಯಿ. ಆದ್ರೆ ಮನೆಗೆ ಒಂದು ಹೆಣ್ಣು ಬೇಕು." ಕಠಿಣವಾಗಿ ಹೇಳಲಿಲ್ಲ, ಸೋತವರಂತೆ ಹೇಳಿದರು. ಕಠಿಣವಾಗಿ ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ. ನಾಗು ಮಗುವಿನ ಬಟ್ಟೆಗಳನ್ನು ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಅವಳು ಕಾಲೇಜಿಗೆ ಹೋಗಲಿಲ್ಲ.

ಮುಂದಿನ ವರ್ಷ ಯಾವುದೋ ಮದುವೆಗೆಂದು ಅರಸೀಕೆರೆಗೆ ಬಂದ ನಾಗು, ತಮ್ಮನನ್ನು ಎತ್ತಿಕೊಂಡು ಸಮಾಜಕ್ಕೂ ಬಂದಳು. ಸೀರೆಯ ಸೆರಗನ್ನು ಎಳೆದೆಳೆದು ಹೊದ್ದುಕೊಳ್ಳುತ್ತಿದ್ದಳು, ಥೇಟ್ ಅವಳ ತಾಯಿಯಂತೆ. ನಮ್ಮಲ್ಲಿ ಆಗ ಹೊಸ ವಿದ್ಯಾರ್ಥಿನಿಯೊಬ್ಬಳಿದ್ದಳು. ಅವಳು ಮಗುವಿನ ಗಲ್ಲ ಹಿಡಿದು, "ನಿಮ್ಮ ಮಗುನಾ?" ಎಂದು ಕೇಳಿದಳು.

"ಹೌದು," ಎಂದಳು ನಾಗು. ನಾವು ಯಾರೂ ತಿದ್ದಲಿಲ್ಲ.

ಅಷ್ಟರಲ್ಲಿ ಸುದ್ದಿ ತಿಳಿದ ಗೌರಮ್ಮ ಏದುಸಿರು ಬಿಡುತ್ತಾ ಬಂದು ಎರಡೂ ಕೈ ಚಾಚಿದರು. ಮಗು ಅವರನ್ನು ಮೇಲಿಂದ ಕೆಳಗೆ ನೋಡಿ, ಕಿರುಚಿಕೊಂಡು ಅಕ್ಕನ ಸೆರಗಿನಲ್ಲಿ ಮುಖ ಹುದುಗಿಸಿತು. ನಾಗುವಿಗೆ ಬಹಳ ಸಂಕಟವಾಯಿತು. "ಗೊತ್ತಾಗಲಿಲ್ಲ ಅದಕ್ಕೆ, ಬೇಜಾರು ಮಾಡ್ಕೋಬೇಡಿ," ಎಂದಳು.

ಗೌರಮ್ಮ ಚಾಚಿದ ಕೈಯಿಂದಲೇ ಕಣ್ಣೊರೆಸಿಕೊಂಡು ನಕ್ಕರು. "ಬಿಡೇ ಅತ್ಲಾಗೆ. ನನ್ನ ನೆನಪಿಟ್ಕೊಳಕ್ಕೆ ಅದು ಈಗ್ಲೂ ಹಸಿದಿದ್ರೆ ತಾನೇ?"