ಐದು ಕಾಳು ಜೋಳ

ಮೊನ್ನೆ ಹುಬ್ಬಳ್ಳಿಯಲ್ಲಿ ನನ್ನನ್ನು ಒಂದು ಯಂತ್ರದ ಮೇಲೆ ಕೂಡಿಸಿದರು. ನೀರಿಲ್ಲ, ದೋಣಿಯಿಲ್ಲ, ಆದರೂ ಕೋಣೆಯೊಳಗೇ ಹುಟ್ಟು ಹಾಕಬೇಕಂತೆ. ಕಾಲು ಚಾಚಿ ಕೂತು ಹಿಡಿಕೆಯನ್ನು ಎದೆಯವರೆಗೆ ಎಳೆಯುವುದು, ಮತ್ತೆ ಮುಂದಕ್ಕೆ ಬಾಗುವುದು. ದಮ್ಮಿನ ಕಾಯಿಲೆ ಇರುವವರು ಹದವಾಗಿ ಮಾಡಿದರೆ ಉಸಿರಿಗೆ ಒಳ್ಳೆಯದೆಂದು ಡಾಕ್ಟರರೇ ಕಳಿಸಿದ್ದರು. "ಎಳಿಯೂ ಮುಂದ ಉಸರ ಬಿಡ್ರಿ ಅಜ್ಜಿ," ಅಂದಳು ಕಲಿಸುವ ಹುಡುಗಿ. ಎಳೆಯುವಾಗ ಉಸಿರು ಬಿಡುವ ಆ ಮಾತು ಕೇಳಿದ್ದೇ ತಡ, ನನ್ನ ಕೈ ನಿಂತಿತು. ಎದುರಿಗೆ ನೋಡಿದೆ, ಬರೀ ಗೋಡೆ. ಇವತ್ತು ಬೇಡ ಎಂದು ಇಳಿದು ಮನೆಗೆ ಬಂದುಬಿಟ್ಟೆ.

ಆ ಮಾತನ್ನು ನನಗೆ ಮೊದಲು ಹೇಳಿದವರು ನಮ್ಮ ಅತ್ತೆ. ಎಪ್ಪತ್ತರ ದಶಕ, ಬಮ್ಮಿಗಟ್ಟಿ ಹಳ್ಳಿ, ಬೀಸುವ ಕಲ್ಲಿನ ಮುಂದೆ.

ನಾನಾಗ ಹೊಸ ಸೊಸೆ. ಅಪ್ಪ ದಮ್ಮಿನ ವಿಷಯ ಮುಚ್ಚಿಟ್ಟು ಮದುವೆ ಮಾಡಿದ್ದ. ಗೊತ್ತಾದರೆ ತಿರುಗಿ ಕಳಿಸುತ್ತಾರೆ, ಜೋಕೆ ಎಂದು ತಾಕೀತು ಮಾಡಿದ್ದ. ಅತ್ತೆಯೋ ಗಿರಣಿ ಹಿಟ್ಟಿನ ರೊಟ್ಟಿ ಮುಟ್ಟದ ಹೆಂಗಸು. ಹೀಗಾಗಿ ದಿನಾ ಬೆಳಿಗ್ಗೆ ಇಬ್ಬರೂ ಎದುರುಬದುರು ಕೂತು, ಒಂದೇ ಗೂಟ ಹಿಡಿದು ಜೋಳ ಬೀಸಬೇಕು. ನೀವು ಬೀಸಿದ್ದೀರೋ ಇಲ್ಲವೋ, ಮೈಯೆಲ್ಲ ಹಿಂದೆ ಮುಂದೆ ತೂಗುವ ಕೆಲಸ ಅದು. ಹಿಟ್ಟಿನ ಧೂಳು ಮೂಗಿಗೆ ಅಡರುತ್ತಿತ್ತು. ಎದೆಯ ಸಿಳ್ಳು ಹೊರಗೆ ಕೇಳದಿರಲೆಂದು ಉಸಿರು ಬಿಗಿಹಿಡಿಯುತ್ತಿದ್ದೆ. ಅತ್ತೆ ಹಾಡಿದರೆ ದನಿಗೂಡಿಸಿದಂತೆ ಬರೀ ಬಾಯಿ ಆಡಿಸುತ್ತಿದ್ದೆ. ನನ್ನ ಜಾಣತನ ನೋಡಿ, ಅದೇ ಗೂಟ ಹಿಡಿದವರಿಗೆ ಇದೆಲ್ಲ ತಿಳಿಯದು ಅಂದುಕೊಂಡಿದ್ದೆ.

ಒಂದು ದಿನ ಬಿಗಿಹಿಡಿದ ಉಸಿರು ತಿರುಗಿ ಬರಲೇ ಇಲ್ಲ. ಕಣ್ಣಿಗೆ ಕತ್ತಲೆ ಕವಿದು ಕೈ ಜಾರಿತು. ಅತ್ತೆ ಹಾಡು ನಿಲ್ಲಿಸಿ, ನನ್ನನ್ನು ಅಂಗಳಕ್ಕೆ ಕರೆದೊಯ್ದು ಮುಂದಕ್ಕೆ ಬಾಗಿಸಿ ಕೂಡಿಸಿದರು. ಉಸಿರು ಹದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು. ಎಷ್ಟು ವರ್ಷದಿಂದ ಇದೆ ಎಂದು ಕೇಳಿದರು. ಸಣ್ಣವಳಿದ್ದಾಗಿನಿಂದ ಅಂದೆ.

ಮಧ್ಯಾಹ್ನ ಗಂಡಸರು ಹೊಲಕ್ಕೆ ಹೋದ ಮೇಲೆ ಬಾಗಿಲ ಅಗಳಿ ಹಾಕಿ ನನ್ನನ್ನು ಕರೆದರು. ಮೂಲೆಯಲ್ಲಿದ್ದ ನನ್ನ ಟ್ರಂಕನ್ನೇ ನೋಡುತ್ತ ಹೋದೆ.

ಬೀಸುವ ಕಲ್ಲನ್ನು ಒದ್ದೆ ಅರಿವೆಯಿಂದ ಒರೆಸಿಟ್ಟಿದ್ದರು, ಹಿಟ್ಟಿನ ಸುಳಿವಿರಲಿಲ್ಲ. ಖಾಲಿ ಕಲ್ಲು ತಿರುಗಿಸಿದರೆ ಮನೆಗೆ ಕೇಡೆಂದು ನಂಬಿದ ಮನೆ ಅದು. ನಂಬಿದವರಲ್ಲಿ ಅತ್ತೆಯೇ ಮೊದಲಿಗರು. ಅವರು ಸೆರಗಿನ ಗಂಟು ಬಿಚ್ಚಿ, ಎಣಿಸಿ ಐದು ಕಾಳು ಜೋಳವನ್ನು ಕಲ್ಲಿನ ಬಾಯಿಗೆ ಹಾಕಿದರು.

"ಈಗ ಖಾಲಿ ಅಲ್ಲ. ಕೂಡು," ಅಂದರು. "ಎಳಿಯೂ ಮುಂದ ಉಸರ ಬಿಡು. ಸಿಳ್ಳ ಕೇಳಿದ್ರ ಕೇಳಲಿ."

ನನ್ನನ್ನು ತವರಿಗೆ ಕಳಿಸುವುದಿಲ್ಲವೇ ಎಂದು ಅಳುತ್ತ ಕೇಳಿದೆ.

"ನನ್ನ ತಂಗೀನ ಇದಕ್ಕ ತಿರುಗಿ ಕಳಿಸಿದ್ರು. ತವರಮನ್ಯಾಗ ಯಾರೂ ಮಾತಾಡಸಲಾರದ ಸತ್ಲು. ಗೂಟ ಹಿಡಿ."

ಮರುದಿನದಿಂದ ಜೋಳ ಗಿರಣಿಗೆ ಹೋಯಿತು. ತಮಗೆ ರಟ್ಟೆ ನೋವೆಂದು ಮಾವನಿಗೆ ಸುಳ್ಳು ಹೇಳಿದ ಅತ್ತೆ, ಆ ಹಿಟ್ಟಿನ ರೊಟ್ಟಿಯನ್ನು ಮುಖ ಕಿವುಚಿಕೊಂಡೇ ತಿಂದರು. ಮಧ್ಯಾಹ್ನ ಮಾತ್ರ ನಮ್ಮಿಬ್ಬರ ಐದು ಕಾಳು ತಪ್ಪಲಿಲ್ಲ. ದಮ್ಮು ಹೋಯಿತೆಂದು ಹೇಳಲಾರೆ, ಹೋಗಿದ್ದರೆ ಈ ಯಂತ್ರವೇಕೆ? ಆದರೆ ಹಾಡಿನ ಅರ್ಧ ಸಾಲಿಗೇ ಮುಗಿಯುತ್ತಿದ್ದ ನನ್ನ ಉಸಿರು ಎರಡು ಸಾಲಿನವರೆಗೆ ಬಂತು. ಅತ್ತೆಯನ್ನು ನಾನು ಅಮ್ಮನಿಗಿಂತ ಹೆಚ್ಚು ಪ್ರೀತಿಸಿದೆ. ಅವರಿಗೆ ಅದನ್ನು ಹೇಳಲಿಲ್ಲ.

ನಿನ್ನೆ ಮತ್ತೆ ಹೋದೆ. ಸೆರಗಿನ ಗಂಟು ಬಿಚ್ಚಿ ಯಂತ್ರದ ಬುಡದಲ್ಲಿ ಐದು ಕಾಳು ಜೋಳ ಇಟ್ಟೆ. ಇದೇನೆಂದು ಹುಡುಗಿ ಕೇಳಿದಳು. ಖಾಲಿ ಎಳೆಯಬಾರದು ಅಂದೆ. ಅವಳು ನಕ್ಕಳು. ಗೋಡೆಗೆ ಮುಖ ಮಾಡಿ ಕೂತು ಹಿಡಿಕೆ ಎಳೆದೆ, ಹಾಡಿನ ಮೊದಲ ಸಾಲು ಹೇಳಿದೆ. ನಡುವೆ ಸಿಳ್ಳು ಬಂತು, ಪಕ್ಕದವರು ತಿರುಗಿ ನೋಡಿದರು.

ಕೇಳಲಿ.